ಪುಂಡಿ ನಾರು, ಐದು ಮೂಗು

ಮೂಗನ್ನು ನಂಬಿ ಹೊಟ್ಟೆ ಹೊರೆಯುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಕಣ್ಣು ಮಂಜಾದರೆ ಕನ್ನಡಕ ಸಿಗುತ್ತದೆ, ಕಿವಿ ಮಂದವಾದರೆ ಯಂತ್ರ ಸಿಗುತ್ತದೆ. ಮೂಗಿನವರಿಗೆ ದೇವರೇ ಗತಿ.

ನಮ್ಮ ಕಾರ್ಖಾನೆ ಇರುವುದು ಠಾಣೆ-ಬೇಲಾಪುರ ರಸ್ತೆಯ ಬದಿಯಲ್ಲಿ, ರಬಾಳೆ ಸ್ಟೇಷನ್ನಿನಿಂದ ಶೇರ್ ರಿಕ್ಷಾ ಹತ್ತಿದರೆ ಐದು ನಿಮಿಷ. ಪುಂಡಿ ಗಿಡದ ಮತ್ತು ಸೆಣಬಿನ ನಾರಿನಿಂದ ಅಲ್ಲಿ ಕಾರಿನ ಭಾಗ ಮಾಡುತ್ತೇವೆ. ಬಾಗಿಲಿನ ಒಳಹಲಗೆ, ಡಿಕ್ಕಿಯ ತಟ್ಟೆ, ಸೀಟಿನ ಬೆನ್ನಹಲಗೆ. ನಾರನ್ನು ಪ್ಲಾಸ್ಟಿಕ್ ಎಳೆಯ ಜೊತೆ ಬೆರೆಸಿ ಕಂಬಳಿಯ ಹಾಗೆ ಮಾಡಿ, ಕಾಯಿಸಿ, ಅಚ್ಚಿನಲ್ಲಿ ಒತ್ತಿದರೆ ಆಯಿತು. ಹಗುರ, ಗಟ್ಟಿ. ಒಂದೇ ತಕರಾರು ಎಂದರೆ, ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದರೆ ಗೋಣಿಚೀಲದ ವಾಸನೆ ಹೊಡೆಯಬಾರದು. ಅದನ್ನು ನೋಡುವುದಕ್ಕೆ ಯಂತ್ರ ನಂಬುವುದಿಲ್ಲ ಕಾರು ಕಂಪನಿಯವರು, ಮನುಷ್ಯರೇ ಬೇಕು. ಹಲಗೆಯ ತುಂಡನ್ನು ಗಾಜಿನ ಭರಣಿಯಲ್ಲಿ ಹಾಕಿ, ಎರಡು ಗಂಟೆ ಓವನ್ನಿನಲ್ಲಿ ಕಾಯಿಸಿ, ಮುಚ್ಚಳ ಸರಿಸಿ, ಐದು ಜನ ಒಬ್ಬರಾದ ಮೇಲೆ ಒಬ್ಬರು ಮೂಸಿ ಅಂಕ ಕೊಡುತ್ತೇವೆ. ಒಂದು ಎಂದರೆ ವಾಸನೆಯೇ ಇಲ್ಲ. ಮೂರರವರೆಗೆ ಪಾಸು. ಆರು ಎಂದರೆ ಓಡಿಹೋಗಿ.

ಆ ಐದು ಮೂಗುಗಳಲ್ಲಿ ಒಂದು ನನ್ನದು. ಉಳಿದ ನಾಲ್ಕರಲ್ಲಿ ಒಂದು ನಮ್ಮೆಲ್ಲರಿಗೂ ಹಿರಿಯದು. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಆ ಮೂಗಿನದೇ. ನೆನೆದರೆ ಈಗಲೂ ನಗು ಬರುತ್ತದೆ.

ಗಟಾರದ ಅಂಕ

ಮೊದಲು ನನ್ನದೇ ಫಜೀತಿ ಹೇಳಿಬಿಡುತ್ತೇನೆ. ನೆರೂಳದ ನಮ್ಮ ಸೊಸೈಟಿಯಲ್ಲಿ ನಾನು ಮೂಸುವ ಕೆಲಸ ಮಾಡುತ್ತೇನೆ ಎಂದು ಯಾವಾಗ ಗೊತ್ತಾಯಿತೋ, ಅಂದಿನಿಂದ ಭಾನುವಾರ ಎನ್ನುವುದು ಇಲ್ಲವಾಯಿತು. ಕೆಳಗಿನ ಮನೆಯವರು ತುಪ್ಪ ತಂದು ಮೂಗಿಗೆ ಹಿಡಿಯುತ್ತಾರೆ. ಮೇಲಿನ ಮನೆಯವರು ಹೊಸ ಸೋಫಾ ಕೊಂಡರೆ ನನ್ನನ್ನು ಕರೆದು ಅದರ ಮೇಲೆ ಕೂರಿಸುವುದಿಲ್ಲ, ಬಗ್ಗಿ ಮೂಸಲು ಹೇಳುತ್ತಾರೆ.

ಒಂದು ದಿನ ಸೆಕ್ರೆಟರಿಯವರು ಬಂದರು. ಹಿಂದಿನ ಗೇಟಿನ ಹತ್ತಿರ ಗಟಾರ ಕಟ್ಟಿಕೊಂಡು ಹದಿನೈದು ದಿನವಾಗಿತ್ತು. "ಮೇಡಂ, ನೀವು ಎಕ್ಸ್‌ಪರ್ಟ್. ಒಂದು ನಂಬರ್ ಹೇಳಿಬಿಡಿ, ರಿಕಾರ್ಡಿಗೆ" ಎಂದರು. ನನಗೆ ಮೊದಲೇ ಸಿಟ್ಟು ಬೇಗ. ಆದರೂ ಕೆಲಸ ಆಗಲಿ ಎಂದು ಹೋಗಿ, ಮೂಗು ಒಡ್ಡಿ, "ಐದು" ಎಂದೆ. ಆರು ಎಂದರೆ ಏನೆಂದು ಕೇಳಿದರು. ಸಹಿಸಲು ಸಾಧ್ಯವಿಲ್ಲ ಎಂದರ್ಥ ಎಂದೆ.

ಮರುದಿನ ಲಿಫ್ಟಿನ ಪಕ್ಕ ನೋಟಿಸ್ ಬಿತ್ತು: 'ತಜ್ಞರ ಪ್ರಕಾರ ಗಟಾರದ ವಾಸನೆ ಸದ್ಯಕ್ಕೆ ಐದು. ಆರಕ್ಕೆ ಹೋದ ಕೂಡಲೇ ಕ್ರಮ ಕೈಗೊಳ್ಳಲಾಗುವುದು.'

ಕಾಕಾನ ಪಲ್ಯ

ಆ ಹಿರಿಯ ಮೂಗು ಕಾರ್ಖಾನೆಯವರೆಲ್ಲ ಕಾಕಾ ಎನ್ನುವವರದು. ಬಾಗಲಕೋಟೆ ಕಡೆಯವರು, ಡೊಂಬಿವಲಿಯಲ್ಲಿ ಮಗ, ಸೊಸೆ, ಐದು ವರ್ಷದ ಮೊಮ್ಮಗಳ ಜೊತೆ ಇದ್ದಾರೆ. ಕಾರ್ಖಾನೆಗೆ ಸೇರಿದ್ದು ಗೋದಾಮಿನಲ್ಲಿ ನಾರಿನ ಮೂಟೆ ಹೊರುವುದಕ್ಕೆ. ಬೆಂಗಳೂರಿನಿಂದ ಬಂದ ನಮ್ಮ ಮ್ಯಾನೇಜರು ಒಂದು ದಿನ ನಾರಿನ ಮೂಟೆ ಬಿಚ್ಚಿಸಿ, "ಇದು ವಿದೇಶದಲ್ಲೆಲ್ಲಾ ಬಹಳ ಬೇಡಿಕೆ ಇರೋ ನಾರು" ಎಂದು ನಮಗೆ ಪಾಠ ಮಾಡುತ್ತಿದ್ದರು. ಮೂಟೆ ಇಳಿಸಿ ನಿಂತಿದ್ದ ಕಾಕಾ ಒಂದು ಎಳೆ ಕಿತ್ತು ಮೂಗಿಗೆ ಹಿಡಿದು, "ಇದು ಪುಂಡಿ ಅಲ್ರೀ ಸಾಹೇಬ್ರ? ಇದರ ತಪ್ಪಲದ ಪಲ್ಯ ತಿಂದು ನಾ ಇಷ್ಟ ದೊಡ್ಡಾಂವ ಆಗೀನಿ. ನಮ್ಮಪ್ಪ ಇದರ ನಾರಿನ್ಯಾಗ ಎತ್ತಿನ ಹಗ್ಗ ಹೊಸೀತಿದ್ದ" ಎಂದರು. ಆಮೇಲೆ ಇನ್ನೊಂದು ಸಲ ಮೂಸಿ, "ಇದನ್ನ ನಿಂತ ನೀರಾಗ ಕೊಳೀ ಹಾಕ್ಯಾರ. ಹರಿಯೂ ನೀರಾಗ ಹಾಕಿದ್ರ ಈ ನಾತ ಬರತಿರಲಿಲ್ಲ" ಎಂದರು. ನಾರು ಕಳಿಸಿದವನಿಗೆ ಫೋನ್ ಮಾಡಿದರೆ, ಹೌದು, ಈ ಸಲ ಹೊಳೆ ಬತ್ತಿತ್ತು, ಹೊಂಡದಲ್ಲಿ ನೆನೆಹಾಕಿದ್ದು ಎಂದು ಅವನು ಒಪ್ಪಿಕೊಂಡ. ಆ ವಾರವೇ ಕಾಕಾ ಗೋದಾಮಿನಿಂದ ಲ್ಯಾಬಿಗೆ ಬಂದರು. ಬಿಳಿ ಕೋಟು ಹಾಕಿದರು. ಆಗಿನ್ನೂ ಬದುಕಿದ್ದ ಅವರ ಹೆಂಡತಿ ಆ ಕೋಟು ನೋಡಿ, ಗಂಡ ಡಾಕ್ಟರಾದ ಎಂದು ಇಡೀ ಬಿಲ್ಡಿಂಗಿಗೆ ಸಕ್ಕರೆ ಹಂಚಿದ್ದರಂತೆ.

ಲ್ಯಾಬಿನಲ್ಲಿ ಕಾಕಾನ ಕಾನೂನು ಬಿಗಿ. ಅತ್ತರು ಹಚ್ಚಿದವರು, ಮಲ್ಲಿಗೆ ಮುಡಿದವರು, ಬೀಡಿ-ಸಿಗರೇಟು ಸೇದಿದವರು, ಬೆಳ್ಳುಳ್ಳಿ ತಿಂದವರು ಒಳಗೆ ಬರುವಂತಿಲ್ಲ.

ಕಾರು ಕಂಪನಿಯ ದೊಡ್ಡ ಅಧಿಕಾರಿಯೊಬ್ಬರು ದಿಲ್ಲಿಯಿಂದ ನಮ್ಮ ಮೂಸಾಟ ನೋಡುವುದಕ್ಕೆಂದೇ ಬಂದರು. ಕಾಕಾ ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಸಿಕೊಂಡು ಬಂದಿದ್ದರು. ಯಾವ ಗಿಡದ ನಾರು ಕಾರಿಗೆ ಹೋಗುತ್ತದೋ ಅದರ ಎಲೆ ಹೊಟ್ಟೆಗೆ ಹೋಗಲಿ ಎಂಬ ಪ್ರೀತಿ. ಅಧಿಕಾರಿ ಚಪ್ಪರಿಸಿ ಮೂರು ರೊಟ್ಟಿ ತಿಂದರು. ಕೈ ತೊಳೆದು ಲ್ಯಾಬಿನ ಬಾಗಿಲಿಗೆ ಬಂದರೆ, ಕಾಕಾ ಅಡ್ಡ ನಿಂತಿದ್ದಾರೆ.

"ಅಂದರ್ ನಹೀ ಜಾ ಸಕತೇ ಸಾಬ್. ಆಪ್ ನೇ ಲಹಸುನ್ ಖಾಯಾ ಹೈ."

ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಇಲ್ಲದೆ ಆಗುತ್ತದೆಯೇ? ಅಧಿಕಾರಿ ಕಕ್ಕಾಬಿಕ್ಕಿಯಾಗಿ, "ಖಿಲಾಯಾ ತೋ ಆಪ್ ನೇ ಹೀ!" ಎಂದರು, ತಿನ್ನಿಸಿದ್ದೇ ನೀವಲ್ಲವೇ ಎಂದು. ಮ್ಯಾನೇಜರು ಹಿಂದಿನಿಂದ ಕೈ ಮುಗಿಯುತ್ತಿದ್ದರು. ಕಾಕಾ ಜಗ್ಗಲಿಲ್ಲ. ನನ್ನ ಕಡೆ ತಿರುಗಿ, "ಉಣಿಸಿದ್ದು ನಮ್ಮ ಮನೀದು ತಂಗೆವ್ವಾ. ತಡದಿದ್ದು ಕಂಪನೀದು. ಎರಡೂ ಬ್ಯಾರೆ ಅಂತ ಇವರಿಗೆ ಹಿಂದ್ಯಾಗ ಹ್ಯಾಂಗ ಹೇಳೂದು?" ಎಂದರು.

ಅಧಿಕಾರಿ ಗಾಜಿನ ಕಿಟಕಿಯಾಚೆ ನಿಂತು, ಅದಕ್ಕೆ ಮೂಗು ಒತ್ತಿ ನೋಡುತ್ತಾ, ಇಂಥ ಕಟ್ಟುನಿಟ್ಟು ಎಲ್ಲೂ ಕಂಡಿಲ್ಲ ಎಂದು ಬರೆದುಕೊಂಡು ಹೋದರು. ನಮ್ಮ ಬಾಗಿಲಿನ ಹಲಗೆ ಪಾಸಾಯಿತು. ಒಳಗಿದ್ದ ನಾವು ಐವರೂ, ಐದನೆಯ ಮೂಗಾದ ಮ್ಯಾನೇಜರೂ ಸೇರಿ, ಅದೇ ಪಲ್ಯ ತಿಂದಿದ್ದೆವು ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ಎರಡೂವರೆ

ಹೋದ ವರ್ಷದ ಮಳೆಗಾಲದಲ್ಲಿ ಕಾಕಾನಿಗೆ ಜ್ವರ ಬಂತು. ಎರಡು ವಾರ ಮಲಗಿ ಎದ್ದು ಬಂದರು. ಇಳಿದುಹೋಗಿದ್ದರು, ಅಷ್ಟೆ ಎಂದುಕೊಂಡೆವು.

ಅದಾಗಿ ಕೆಲವು ತಿಂಗಳಿಗೆ, ಹೊಸದಾಗಿ ಬಂದ ಒಂದು ಮೂಟೆಯೊಳಗೆ ಇಲಿಯೊಂದು ಸತ್ತು ಬಿದ್ದಿತ್ತು. ಯಾರೂ ನೋಡಿರಲಿಲ್ಲ. ಆ ನಾರಿನ ತುಂಡೇ ಭರಣಿಗೆ ಹೋಗಿ, ಎರಡು ಗಂಟೆ ಹದವಾಗಿ ಬೆಂದಿತ್ತು. ನಮ್ಮ ತಂಡದ ಕಲ್ಯಾಣದ ಮರಾಠಿ ಹುಡುಗಿ ಮೊದಲು ಮುಚ್ಚಳ ಸರಿಸಿದಳು. "ಆಈ ಗಂ!" ಎಂದವಳು ಕಾರಿಡಾರ್ ದಾಟಿ ಮೆಟ್ಟಿಲಿಳಿದು ಗೇಟಿನ ಹತ್ತಿರ ನಿಂತಳು. ಎರಡನೆಯವನು ಕುಂದಾಪುರದವನು, ಠಾಣೆಯ ಹೋಟೆಲಿನವರ ಮನೆಯಲ್ಲಿ ಬೆಳೆದು ಇಂಜಿನಿಯರ್ ಆದವನು. "ಅಯ್ಯೋ ದೇವ್ರೇ, ಎಂತ ಅಕ್ಕಾ ಇದು!" ಎಂದು ವಾಂತಿಗೆ ಓಡಿದ. ಕಾರಿಡಾರಿನಲ್ಲಿದ್ದ ಮ್ಯಾನೇಜರು ಕರ್ಚೀಫು ಹುಡುಕುತ್ತಿದ್ದರು. ನಾನು ಕಿಟಕಿಗೆ ಜೋತುಬಿದ್ದಿದ್ದೆ.

ಕಾಕಾ ಮಾತ್ರ ನಿಂತ ಜಾಗದಿಂದ ಕದಲಲಿಲ್ಲ. ತಮ್ಮ ಸರದಿಗೆ ಬಂದು, ನಿಯಮದಂತೆ ಬಗ್ಗಿ, ಮೂರು ಸಣ್ಣ ಉಸಿರು ಎಳೆದು, ಮುಚ್ಚಳ ಮುಚ್ಚಿ, ಶಾಂತವಾಗಿ ಬರೆದರು: ಎರಡೂವರೆ.

ನಾನು ಆ ಹಾಳೆ ನೋಡಿದೆ. ಅವರ ಮುಖ ನೋಡಿದೆ. ಆಗಲೇ ಅವರಿಗೆ ನಾವೆಲ್ಲ ಓಡಿದ್ದು ಯಾಕೆಂದು ಅಂದಾಜಾಗತೊಡಗಿತ್ತು. ಹಾಳೆಯನ್ನು ಮಡಚಿ ನನ್ನ ಕುರ್ತಾದ ಜೇಬಿಗೆ ತುರುಕಿದೆ.

ಸಂಜೆ ಎಲ್ಲರೂ ಹೋದ ಮೇಲೆ ಕಾಕಾ ವಾಟರ್ ಕೂಲರಿನ ಹತ್ತಿರ ನಿಂತಿದ್ದರು. ಅವರೇ ಹೇಳಿದರು. "ಹೋಗಿ ಬಿಟ್ಟದ ತಂಗೆವ್ವಾ. ಜ್ವರ ಹೋತು, ಕೂಡ ಅದನ್ನೂ ಒಯ್ತು. ಚಹಾ ಬಿಸಿನೀರು ಆಗೇದ. ಅದರದೇನ ಬಿಡು. ಮನೀಗಿ ಹೋದ ಕೂಡ್ಲೆ ಮೊಮ್ಮಗಳ ನೆತ್ತಿ ಮೂಸ್ತೀನಿ, ದಿನಾ ಮೂಸ್ತೀನಿ. ಏನೂ ಇಲ್ಲವಾ. ಗ್ವಾಡಿ ಮೂಸಿದಂಗ ಆಗತದ." ಆಮೇಲೆ ಕೋಟಿನ ಗುಂಡಿ ಹಿಡಿದುಕೊಂಡು, "ಯಾರಿಗೂ ಹೇಳಬ್ಯಾಡ. ಇದನ್ನ ತಗದ್ರ ನಾ ಮತ್ತ ಮೂಟಿ ಹೊರಾಂವನ. ಹೊರಾಕೂ ಈಗ ಆಗೂದಿಲ್ಲ" ಎಂದರು. ಆ ಮನುಷ್ಯ ಅಳುವುದನ್ನು ನಾನು ಅಂದೇ ಮೊದಲು ನೋಡಿದ್ದು. ನನಗೂ ತಡೆಯಲಾಗಲಿಲ್ಲ.

ಮ್ಯಾನೇಜರು ಮರುದಿನ ಎಲ್ಲರನ್ನೂ ಸೇರಿಸಿ ಭಾಷಣ ಮಾಡಿದರು. "ನೋಡಿ ಕಲೀರಿ. ಅಂಥಾ ನಾತದಲ್ಲೂ ಒಬ್ಬರು ನಿಂತ್ಕೊಂಡು ಡ್ಯೂಟಿ ಮಾಡಿದ್ರು. ಸ್ಥಿತಪ್ರಜ್ಞ ಅಂದ್ರೆ ಇವ್ರು ಕಣ್ರೀ!" ಫ್ರೇಮು ಹಾಕಿದ ಪ್ರಶಸ್ತಿಪತ್ರ ಕೊಟ್ಟರು. 'ತಿಂಗಳ ಅತ್ಯುತ್ತಮ ಮೂಗು' ಎಂದು ಬರೆದಿತ್ತು.

ಚಹಾ ಕುಡೀತೀರೇನು?

ಒಂದು ಭಾನುವಾರ ಬೆಳಿಗ್ಗೆ ಅವರ ಸೊಸೆ ಫೋನ್ ಮಾಡಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

ಆಗಿದ್ದು ಇಷ್ಟು. ಸೊಸೆ, ಮಗ ತರಕಾರಿ ತರಲು ಹೋಗಿದ್ದರು. ಮನೆಯಲ್ಲಿ ಕಾಕಾ, ಮೊಮ್ಮಗಳು. ಒಲೆಯ ಮೇಲಿನ ಹಾಲು ಉಕ್ಕಿ ಉರಿ ಆರಿತ್ತು, ಗ್ಯಾಸು ಹರಿಯುತ್ತಿತ್ತು. ಕಾಕಾ ಹೊರಕೋಣೆಯಲ್ಲಿ ಪೇಪರು ಓದುತ್ತಿದ್ದರು. ಪಕ್ಕದ ಮನೆಯವರಿಗೆ ವಾಸನೆ ಬಂತು, ಎದುರಿನ ಮನೆಯವರಿಗೆ ಬಂತು, ಮೇಲಿನ ಮಹಡಿಯವರಿಗೂ ಬಂತು. ಏಳೆಂಟು ಜನ ಬಂದು ಬಾಗಿಲು ಬಡಿದರು. ಕಾಕಾ ತೆಗೆದರು. ಭಾನುವಾರ ಬೆಳಿಗ್ಗೆ ಇಷ್ಟು ಜನ ಮನೆಗೆ ಬಂದದ್ದು ನೋಡಿ ಅವರಿಗೆ ಖುಷಿಯೋ ಖುಷಿ. ಬಂದವರು ಬಾಯಿ ತೆರೆಯುವ ಮೊದಲೇ, "ಯಾ, ಯಾ, ಬಸಾ! ಚಹಾ ಘೇಣಾರ್ ನಾ?" ಎಂದು ನೇರ ಅಡುಗೆಮನೆಗೆ ಹೋಗಿ ಲೈಟರ್ ಎತ್ತಿಕೊಂಡರು.

ಐದು ಜನ ಒಟ್ಟಿಗೆ ಅವರ ಮೇಲೆ ಬಿದ್ದರು. ಒಬ್ಬರು ಕೈ ಹಿಡಿದರು, ಒಬ್ಬರು ಸಿಲಿಂಡರ್ ಬಂದ್ ಮಾಡಿದರು, ಒಬ್ಬರು ಮಗುವನ್ನು ಎತ್ತಿಕೊಂಡು ಹೊರಗೋಡಿದರು. ಕೆಳಗೆ ಬಿದ್ದಿದ್ದ ಕಾಕಾ ಗಾಬರಿಯಲ್ಲಿ, "ಬ್ಯಾಡಾದ್ರ ಬ್ಯಾಡ ಅನ್ರೆಪಾ, ಬಡೀತೀರ್ಯಾಕ!" ಎಂದು ಕನ್ನಡದಲ್ಲೇ ಕೂಗಿದರಂತೆ.

ಅಂದಿನಿಂದ ಆ ಮನೆಯಲ್ಲಿ ಕಾಕಾ ಒಲೆ ಮುಟ್ಟುವಂತಿಲ್ಲ. ಒಂದು ಲೋಟ ಚಹಾಕ್ಕೂ ಸೊಸೆಯ ದಾರಿ ಕಾಯಬೇಕು. ಮಗುವಿಗೆ ಏನಾದರೂ ಆಗಿದ್ದರೆ ಎಂದು ನೆನೆದು ಅವರು ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಕೊಡುವುದು ಮರಾಠಿಯಲ್ಲಿ. ಅವಳು ಮನೆಗೆ ಬಂದವರಿಗೆಲ್ಲ ಬೆರಳು ತುಟಿಯ ಮೇಲಿಟ್ಟು, "ಆಜೋಬಾಂಚಂ ನಾಕ್ ಝೋಪಲಂಯ್" ಎನ್ನುತ್ತಾಳೆ. ಅಜ್ಜನ ಮೂಗು ಮಲಗಿದೆ, ಮೆಲ್ಲಗೆ ಮಾತಾಡಿ ಎಂದು ಅರ್ಥ.

ಲೋಕಲ್ಲಿನ ಸೀಸೆಗಳು

ಡೊಂಬಿವಲಿಯ ಮೂಗಿನ ಡಾಕ್ಟರು ಭರವಸೆಯನ್ನೂ ಕೊಡಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ದಿನಕ್ಕೆ ಎರಡು ಸಲ ಲವಂಗ, ನಿಂಬೆ, ನೀಲಗಿರಿ, ಗುಲಾಬಿ ಇವನ್ನು ಮೂಸುತ್ತಾ, ಅವುಗಳ ವಾಸನೆ ನೆನಪು ಮಾಡಿಕೊಳ್ಳಬೇಕು, ಮೂಗಿಗೆ ಮತ್ತೆ ಅಕ್ಷರ ಕಲಿಸಿದ ಹಾಗೆ ಎಂದರು. ಕಾಕಾ ನಾಲ್ಕು ಸೀಸೆ ಮಾಡಿಕೊಂಡರು. ಐದನೆಯದರಲ್ಲಿ ತಮ್ಮ ಇಚ್ಛೆಯಿಂದ ಒಂದು ಹಿಡಿ ಪುಂಡಿ ನಾರು ತುಂಬಿದರು.

ಮನೆಯಲ್ಲಿ ಸೊಸೆ ಮರುಗುತ್ತಾಳೆ, ಲ್ಯಾಬಿನಲ್ಲಿ ಗುಟ್ಟು ರಟ್ಟಾಗುತ್ತದೆ. ಉಳಿದದ್ದು ಬೆಳಗಿನ ಲೋಕಲ್. ಡೊಂಬಿವಲಿಯಿಂದ ಠಾಣೆಗೆ ಬರುವ ಆ ಗಾಡಿಯಲ್ಲಿ ಕೈ ಎತ್ತಿದರೆ ಇಳಿಸಲು ಜಾಗ ಇರುವುದಿಲ್ಲ. ಅದರಲ್ಲಿ ನಿಂತು ಕಾಕಾ ಕಣ್ಣು ಮುಚ್ಚಿ, ಒಂದೊಂದೇ ಸೀಸೆ ಮೂಗಿಗೆ ಹಿಡಿದು, ತುಟಿ ಅಲುಗಿಸುತ್ತಾ ನೆನಪು ಮಾಡಿಕೊಳ್ಳುತ್ತಿದ್ದರು. ಮೊದಲ ದಿನ ಪಕ್ಕದವರು ನಶೆಯ ಗಿರಾಕಿ ಎಂದು ದೂರ ಸರಿದರು. ಎರಡನೆಯ ದಿನ ಮಂತ್ರ ಎಂದುಕೊಂಡರು. ಮೂರನೆಯ ದಿನ ಒಬ್ಬರು, "ಕಾಯ್ ಆಹೇ ಕಾಕಾ?" ಎಂದು ಕೇಳಿದರು. ಮೂಗಿನ ಔಷಧ ಎಂದರು ಕಾಕಾ, ಸುಳ್ಳೇನಲ್ಲವಲ್ಲ. ಕೇಳಿದವರಿಗೆ ಸೈನಸ್ ಇತ್ತು. ನೀಲಗಿರಿ ಸೀಸೆ ಇಸಿದುಕೊಂಡು ಜೋರಾಗಿ ಎಳೆದರು. ವಾರದೊಳಗೆ ಐದೂ ಸೀಸೆಗಳು ಮುಂಬ್ರಾ ದಾಟುವಷ್ಟರಲ್ಲಿ ಇಡೀ ಬೋಗಿ ಸುತ್ತಿ ವಾಪಸು ಬರತೊಡಗಿದವು. ಪುಂಡಿ ನಾರಿನ ಸೀಸೆಗೇ ಹೆಚ್ಚು ಬೇಡಿಕೆ. ಅದು ಏನೋ ಹಿಮಾಲಯದ ಬೇರು ಎಂದು ಸುದ್ದಿಯಾಗಿತ್ತು.

ಎರಡು ತಿಂಗಳಲ್ಲಿ ಆ ಬೋಗಿಯ ಹತ್ತಾರು ಜನರ ನೆಗಡಿ ವಾಸಿಯಾಯಿತು. ಕಾಕಾನ ಮೂಗು ಮಾತ್ರ ಬರಲಿಲ್ಲ.

ಸರಾಸರಿ

ಲ್ಯಾಬಿನಲ್ಲಿ ನಾನು ಕಾಕಾನಿಗೆ ಅಂಕದ ಸನ್ನೆ ಮಾಡತೊಡಗಿದೆ. ತಪ್ಪು ಎಂದು ಗೊತ್ತಿತ್ತು. ಉಳಿದ ನಾಲ್ಕು ಮೂಗು ಸರಿ ಇವೆ, ಕೆಟ್ಟ ಮಾಲು ಹೊರಹೋಗುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಎದುರಿನ ಕುರ್ಚಿಯಲ್ಲಿ ಕುಳಿತು ಕಿವಿ ಮುಟ್ಟಿದರೆ ಎರಡು, ಗಲ್ಲ ಮುಟ್ಟಿದರೆ ಮೂರು, ಕನ್ನಡಕ ತೆಗೆದರೆ ನಾಲ್ಕು.

ವರ್ಷದ ಕೊನೆಗೆ ಯಾರ ಮೂಗು ಎಷ್ಟು ನೆಟ್ಟಗಿದೆ ಎಂದು ಲೆಕ್ಕ ತೆಗೆಯುತ್ತಾರೆ. ಐವರ ಸರಾಸರಿಗೆ ಯಾರ ಅಂಕ ಹತ್ತಿರವೋ ಅವರು ಮೇಲು. ಕಾಕಾ ಮೊದಲನೆಯವರಾಗಿ ಬಂದರು. ಬರೀ ಮೊದಲಲ್ಲ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಮೂರನೆಯವಳು. ನನಗೆ ತಲೆ ಕೆಟ್ಟಿತು. ನನ್ನದನ್ನು ನೋಡಿ ಬರೆದವರು ನನಗಿಂತ ಮುಂದೆ ಹೇಗೆ ಹೋಗುತ್ತಾರೆ?

ಚಹಾದ ಹೊತ್ತಿನಲ್ಲಿ ಕುಂದಾಪುರದವನನ್ನು ಮೂಲೆಗೆ ಕರೆದು ಕೇಳಿದೆ. ಅವನು ತಲೆ ಕೆರೆದುಕೊಂಡ. "ಅಕ್ಕಾ, ಬೈಬೇಡಿ. ಕಾಕಾಂಗೆ ವಾಸ್ನೆ ಬರುದಿಲ್ಲ, ನಿಮಗೆ ಗೊತ್ತಿಲ್ಲ. ನಾನು ಒಂದಿನ ಮೀನು ತಿಂದು ಹಾಗೇ ಒಳಗೆ ಬಂದೆ, ಅವರು ಸುಮ್ನಿದ್ರು. ಆಗ್ಲೇ ಗೊತ್ತಾಯ್ತು. ಅವತ್ತಿಂದ ನಾನು ಕಾಲಲ್ಲಿ ಮೇಜು ತಟ್ಟಿ ನಂಬರ್ ಹೇಳ್ತಾ ಇದ್ದೆ." ಕಲ್ಯಾಣದ ಹುಡುಗಿಯನ್ನು ಕೇಳಿದರೆ ಅವಳದೂ ಅದೇ. ಮದುವೆಮನೆಯಿಂದ ಅತ್ತರಿನಲ್ಲಿ ಅದ್ದಿಕೊಂಡು ಬಂದರೂ ಕಾಕಾ ಓಡಿಸಿರಲಿಲ್ಲ. ಅವಳು ಬಳೆ ಎಣಿಸಿ ತೋರಿಸುತ್ತಿದ್ದಳು. ಮ್ಯಾನೇಜರಿಗೆ ಮಾತ್ರ ತಿಳಿಯದಿರಲಿ ಎಂದು ನಾವು ಮೂವರೂ ಆಣೆ ಹಾಕಿಕೊಳ್ಳುತ್ತಿರುವಾಗ, ಹಿಂದೆ ನಿಂತಿದ್ದ ಮ್ಯಾನೇಜರು ಕೆಮ್ಮಿದರು.

"ನಾನು ದಿನಾ ಸಿಗರೇಟು ಸೇದಿ ಬರ್ತೀನಿ ಕಣ್ರೀ" ಎಂದರು ತಗ್ಗಿದ ದನಿಯಲ್ಲಿ. "ಮೊದ್ಲೆಲ್ಲಾ ಹತ್ತಡಿ ದೂರದಿಂದ ಹಿಡೀತಿದ್ರು. ಇಲಿ ಕಥೆ ಆದ್ಮೇಲೆ ಗೊತ್ತಾಯ್ತು. ನಾನು ಪೆನ್ನಿನ ಕ್ಯಾಪು ಕ್ಲಿಕ್ ಮಾಡ್ತಿದ್ದೆ."

ನಾಲ್ವರು ನಾಲ್ಕು ಥರ ಸನ್ನೆ ಮಾಡುತ್ತಿದ್ದೆವು, ನಾಲ್ಕೂ ಬೇರೆ ಅಂಕ. ಕಾಕಾನನ್ನು ಕರೆದು, ನಮ್ಮಲ್ಲಿ ಯಾರದ್ದನ್ನು ಬರೆದಿರಿ ಎಂದು ಕೇಳಿದೆವು. ಕಾಕಾ ತಲೆ ತಗ್ಗಿಸಿ ನಿಂತರು. "ಒಬ್ಬರದು ಬರದ್ರ ಇನ್ನೊಬ್ಬರಿಗೆ ಬ್ಯಾಸರಾಗತದ. ಎಲ್ಲಾರದೂ ಕೂಡಿಸಿ ನಾಕರಿಂದ ಭಾಗಿಸಿ ಬರೀತಿದ್ದೆ" ಎಂದರು.

ನಾಲ್ಕನೆಯ ಭರಣಿ

ಇದೆಲ್ಲ ನಿಲ್ಲಲೇಬೇಕಿತ್ತು, ನಿಂತಿತು. ಮೂಗುಗಳಿಗೇ ಪರೀಕ್ಷೆ ಇಡಲು ಕಾರು ಕಂಪನಿಯಿಂದ ಪುಣೆಯ ಹೆಂಗಸೊಬ್ಬರು, ಇಲ್ಲಿಯವರ ಮಾತಿನಲ್ಲಿ ಆಡಿಟರ್ ಬಾಯಿ, ಬರುತ್ತಾರೆಂದು ಪತ್ರ ಬಂತು. ಫೇಲಾದವರು ತಂಡದಲ್ಲಿ ಇರುವಂತಿಲ್ಲ.

ಬಂದವರು ಮೊದಲು ಹೇಳಿದ್ದೇ, ಒಬ್ಬರಿಗೊಬ್ಬರು ಕಾಣದ ಹಾಗೆ ಅಡ್ಡ ಇಡಿ ಎಂದು. ಅಡ್ಡ ಇಡಲು ಬೇರೇನೂ ಸಿಗದೆ, ನಮ್ಮದೇ ಪುಂಡಿ ನಾರಿನ ಬಾಗಿಲಹಲಗೆಗಳನ್ನು ತಂದು ನಿಲ್ಲಿಸಿದರು. ನನ್ನ ಕಿವಿ, ಗಲ್ಲ, ಕನ್ನಡಕ ಯಾವುದೂ ಕಾಕಾನಿಗೆ ಕಾಣದು. ಕುಂದಾಪುರದವನು ಮೇಜು ತಟ್ಟಿದರೆ ಆಡಿಟರ್ ಬಾಯಿ ಅವನ ಪಾದವನ್ನೇ ನೋಡುತ್ತಿದ್ದರು. ಆರು ಭರಣಿಗಳು ಒಂದೊಂದಾಗಿ ಬಂದವು. ನನಗೆ ವಾಸನೆಯ ಕಡೆ ಗಮನವೇ ಇಲ್ಲ. ಹಲಗೆಯಾಚೆ ಕಾಕಾ ಮೂಸುವ ಸದ್ದು ಕೇಳುತ್ತಿತ್ತು, ಮೂರು ಸಣ್ಣ ಉಸಿರು, ಆಮೇಲೆ ಪೆನ್ನಿನ ಸದ್ದು. ಇಂದಿಗೆ ಈ ಮನುಷ್ಯನ ಕಥೆ ಮುಗಿಯಿತು ಎಂದುಕೊಂಡೆ.

ಮುಗಿದ ಮೇಲೆ ಬಾಯಿ ಹಾಳೆಗಳನ್ನು ಜೋಡಿಸಿಕೊಂಡು, ಗಂಭೀರವಾಗಿ ಓದಿದರು. ನಾಲ್ಕನೆಯ ಭರಣಿ. ನಾನು ಬರೆದಿದ್ದೆ: ಮೂರು, ಹಳೆಯ ಗೋಣಿ. ಕುಂದಾಪುರದವನು: ಮೂರು, ತೇವದ ವಾಸನೆ. ಕಲ್ಯಾಣದವಳು: ಎರಡೂವರೆ, ಸೆಣಬು. ಮ್ಯಾನೇಜರು: ಮೂರೂವರೆ, ಸ್ವಲ್ಪ ಹುಳಿ, ಹಿನ್ನೆಲೆಯಲ್ಲಿ ಸುಟ್ಟ ವಾಸನೆ. ಕಾಕಾ: ಒಂದು, ವಾಸನೆ ಇಲ್ಲ.

ಬಾಯಿ ಆ ಭರಣಿಯನ್ನು ಎತ್ತಿ ತಲೆಕೆಳಗು ಮಾಡಿದರು. ಏನೂ ಬೀಳಲಿಲ್ಲ. ತೊಳೆದು ಒಣಗಿಸಿದ ಖಾಲಿ ಭರಣಿ. ನಮ್ಮನ್ನು ಹಿಡಿಯಲೆಂದೇ ಇಟ್ಟದ್ದು.

ಮ್ಯಾನೇಜರು ಕುರ್ಚಿಯಿಂದ ಹಾರಿ ಕಾಕಾನ ಕೈ ಹಿಡಿದು ಕುಲುಕತೊಡಗಿದರು. "ಬಂತಾ ಕಾಕಾ? ಮೂಗು ವಾಪಸ್ ಬಂತಾ?" ಎಂದು ಆಡಿಟರ್ ಎದುರಿಗೇ ಕೂಗಿಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡರು.

"ಬೈಠಿಯೇ" ಎಂದರು ಬಾಯಿ. ಕಾಕಾನ ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು. ಆರೂ ಭರಣಿಗೆ ಒಂದು, ಒಂದು, ಒಂದು. ಕೊಳೆತ ನಾರಿನ ಎರಡನೆಯ ಭರಣಿ, ಕಲ್ಯಾಣದ ಹುಡುಗಿ ಮತ್ತೆ ಗೇಟಿನವರೆಗೆ ಓಡಿದ್ದ ಭರಣಿ, ಅದಕ್ಕೂ ಒಂದು. ಕೆಳಗೆ ಷರಾ ಇತ್ತು, ಕನ್ನಡದಲ್ಲಿ. ಓದಿ ಹೇಳಿ ಎಂದು ನನ್ನ ಕೈಗೆ ಕೊಟ್ಟರು.

'ನನಗ ವಾಸನಿ ಬರಂಗಿಲ್ಲ. ಹೋದ ಮಳೆಗಾಲದಿಂದ ಬರಂಗಿಲ್ಲ. ಈ ನಾಕೂ ಮಂದಿಗೆ ಇದು ಗೊತ್ತಿಲ್ಲ. ಅವರದೇನೂ ತಪ್ಪಿಲ್ಲ.'

ಇಡೀ ಹಾಳೆಯಲ್ಲಿ ಅವರು ಬರೆದ ಸುಳ್ಳು ಆ ಮೂರನೆಯ ವಾಕ್ಯ ಒಂದೇ. ಹಿಂದಿಯಲ್ಲಿ ಹೇಳಲು ಹೋದೆ, ಎರಡನೆಯ ವಾಕ್ಯಕ್ಕೇ ಹಾಳೆಯನ್ನು ಮ್ಯಾನೇಜರ ಕೈಗೆ ಕೊಟ್ಟೆ. ಉಳಿದದ್ದನ್ನು ಮ್ಯಾನೇಜರು ಮುಗಿಸಿದರು. ನಮಗೆ ಗೊತ್ತಿಲ್ಲ ಎಂಬ ಮಾತು ಬಂದಾಗ ಅವರೂ ನಿಂತರು, ಮತ್ತೆ ತಲೆ ತಗ್ಗಿಸಿ, "ಗೊತ್ತಿತ್ತು ಮೇಡಂ, ನಾಲ್ವರಿಗೂ ಗೊತ್ತಿತ್ತು" ಎಂದರು.

ಆಡಿಟರ್ ಬಾಯಿ ತಮ್ಮ ಪುಸ್ತಕ ತೆರೆದರು. ನಾವು ನಾಲ್ವರೂ ಮೊದಲಿನಿಂದ ತರಬೇತಿ ತೆಗೆದುಕೊಳ್ಳಬೇಕು ಎಂದು ಬರೆದರು. ಕನ್ನಡಕ ತೆಗೆದು ಒರೆಸುತ್ತಾ ಹಿಂದಿಯಲ್ಲಿ ಹೇಳಿದರು: "ಐವರಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದವರು ಇವರೊಬ್ಬರೇ. ಈಗ ನಾನು ತೆಗೆಯಬೇಕಾದದ್ದು ಇವರನ್ನೇ."

ಕಾಕಾ ಎದ್ದು ನಿಂತರು. ಮುಖದಲ್ಲಿ ಒಂದು ವರ್ಷದಿಂದ ನಾನು ನೋಡಿರದ ನಿರಾಳ. ಖಾಲಿ ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಳಗೆ ಇಣುಕಿ, ನನ್ನನ್ನು ಕೇಳಿದರು.

"ತಂಗೆವ್ವಾ, ಕೇಳ ಅವರನ್ನ. ಇದರಾಗ ಖರೇನ ಏನೂ ಇದ್ದಿಲ್ಲೇನು?"

ಕೇಳಿದೆ. "ಕುಛ್ ಭೀ ನಹೀ" ಎಂದರು ಬಾಯಿ.

ಕಾಕಾ ಮತ್ತೊಮ್ಮೆ ಬಗ್ಗಿ, ಭರಣಿಯೊಳಗೆ ಮೂಗಿಟ್ಟು, ಮೂರು ಸಣ್ಣ ಉಸಿರು ಎಳೆದುಕೊಂಡರು. ಆಮೇಲೆ ತಲೆ ಎತ್ತಿ, ಮುಖ ತುಂಬಾ ನಗುತ್ತಾ, "ಹಂಗಾದ್ರ ಇದೊಂದು ಭರಣಿಗೆ ನನ್ನ ಮೂಗು ನಿಮ್ಮ ನಾಕೂ ಮಂದೀಕಿಂತ ಛಲೋ ಐತಿ ಬಿಡ್ರಿ" ಎಂದರು.